ತೋಳಿಗೆ ಕಟ್ಟುವ ಬಿಪಿ ಮಷಿನ್: ಹಿರಿಯರಿರುವ ಮನೆಗೆ ಇದೇ ಸರಿ

ಹಾಸನದ ಮೆಡಿಕಲ್ ಸ್ಟೋರ್‌ಗಳಲ್ಲಿ ಮಣಿಕಟ್ಟಿನದೂ ತೋಳಿನದೂ ಸಿಗುತ್ತವೆ. ಅರವತ್ತು ದಾಟಿದವರಿಗೆ ತೋಳಿನದೇ ಕೊಳ್ಳಿ. ಮಣಿಕಟ್ಟಿನದು ಕೈ ಎದೆಮಟ್ಟಕ್ಕಿಂತ ಇಳಿದರೆ ಹೆಚ್ಚು ತೋರಿಸುತ್ತದೆ.

ಹಣ ಕೊಡುವ ಮುಂಚೆ ತೋಳಿಗೆ ಸುತ್ತುವ ಪಟ್ಟಿಯ ಅಳತೆ ನೋಡಿ. ಸಾಮಾನ್ಯ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿಪಿ ಕಾಣುತ್ತದೆ, ಸುಮ್ಮನೆ ಮಾತ್ರೆ ಹೆಚ್ಚಾದೀತು. ಅಂಥವರು 22–42ರದ್ದನ್ನು ಕೇಳಿ ಪಡೆಯಿರಿ.

ನಮ್ಮ ಕಡೆ ಎದ್ದ ಕೂಡಲೇ ಕಾಫಿ ಬೇಕು. ಅಳತೆ ಅದಕ್ಕೂ ಮುಂಚೆ, ಮಾತ್ರೆಗೂ ಮುಂಚೆ ಆಗಲಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ 5 ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಮೇಜಿನ ಮೇಲಿರಲಿ. ಚಳಿಗೆ ಸ್ವೆಟರ್ ಮೇಲೆಯೇ ಕಟ್ಟುತ್ತಾರೆ, ಅದು ತಪ್ಪು. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ 2 ಸೆಂ.ಮೀ. ಮೇಲಿರಲಿ. 1 ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಒಂದು ವಾರದ ಸರಾಸರಿ 135/85 ದಾಟಿದರೆ ಆ ಪುಸ್ತಕ ಹಿಡಿದು ಡಾಕ್ಟರ ಬಳಿ ಹೋಗಿ. ಮಾತ್ರೆಯನ್ನು ನೀವೇ ಬದಲಿಸಬೇಡಿ.

ಕೊರತೆಯೂ ಇದೆ. ನಾಡಿಯ ತಾಳ ತಪ್ಪಿದವರಲ್ಲಿ ಅಂಕಿ ಒಂದೊಂದು ಸಲಕ್ಕೆ ಒಂದೊಂದು ಬರುತ್ತದೆ. ಹಾಗಾದಾಗ ಮಷಿನ್ ಬದಲಿಸುವ ಮುಂಚೆ ಇಸಿಜಿ ಮಾಡಿಸಿ.