ಹುಬ್ಬಳ್ಳಿಯಿಂದ ಕನ್ಯಾಕುಮಾರಿಗೆ ಟಿಟಿ: ಚಾಲನೆಯ ಗಂಟೆಗಳನ್ನು ಮೊದಲೇ ಬರೆದುಕೊಡುವ ಒಂದು ಟ್ರಾವೆಲ್ಸ್

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ಒಂದು ಸಣ್ಣ ಟ್ರಾವೆಲ್ಸ್‌ನಿಂದ ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್, ಅಂದರೆ ನಮ್ಮ ಕಡೆ ಎಲ್ಲರೂ ಟಿಟಿ ಎನ್ನುವ ಗಾಡಿಯನ್ನು, ಮಧುರೈ, ರಾಮೇಶ್ವರ ಮತ್ತು ಕನ್ಯಾಕುಮಾರಿಯ ಕುಟುಂಬ ಪ್ರವಾಸಕ್ಕೆ ಬಾಡಿಗೆಗೆ ಪಡೆದಿದ್ದೆವು. ಗಾಡಿ ಸ್ವಚ್ಛವಾಗಿತ್ತು, ಎ.ಸಿ. ಗಾಳಿ ಕೊನೆಯ ಸಾಲಿನವರೆಗೂ ಬರುತ್ತಿತ್ತು, ಟೈರುಗಳು ಒಳ್ಳೆಯ ಸ್ಥಿತಿಯಲ್ಲಿದ್ದವು. ಗಾಡಿಯ ಬಗ್ಗೆ ಇಷ್ಟು ಸಾಕು. ಇಷ್ಟು ವಿವರವಾಗಿ ಬರೆಯಬೇಕೆನಿಸಿದ್ದು ಬೇರೆ ಕಾರಣಕ್ಕೆ. ದಿನಕ್ಕೆ ಎಷ್ಟು ಗಂಟೆ ಗಾಡಿ ಓಡಬೇಕು, ಎಲ್ಲೆಲ್ಲಿ ನಿಲ್ಲಬೇಕು, ಚಾಲಕರು ಎಷ್ಟು ಹೊತ್ತು ಮಲಗಬೇಕು ಎಂಬುದನ್ನು ಮುಂಗಡ ಹಣ ಮುಟ್ಟುವ ಮೊದಲೇ ಕಾಗದದ ಮೇಲೆ ಬರೆದು, ಅದಕ್ಕೆ ಗ್ರಾಹಕರ ಸಹಿ ಪಡೆಯುವ ಟ್ರಾವೆಲ್ಸ್ ಅನ್ನು ಅವಳಿ ನಗರದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಟಿಟಿ ವಿಚಾರಿಸಲು ಹೋದರೆ ಮಾತು ಸಾಮಾನ್ಯವಾಗಿ ಕಿಲೋಮೀಟರ್ ದರದಿಂದಲೇ ಶುರುವಾಗುತ್ತದೆ. ಗಾಡಿ ಓಡಲಿ ಬಿಡಲಿ, ದಿನಕ್ಕೆ ಕನಿಷ್ಠ 300 ಕಿ.ಮೀ.ಗೆ ಹಣ ಕೊಡಬೇಕು. ಅದರ ಮೇಲೆ ಚಾಲಕರ ಬಾಟಾ, ಟೋಲ್, ಪಾರ್ಕಿಂಗ್, ಪರ್ಮಿಟ್. ಈ ಲೆಕ್ಕ ಕೇಳಿದ ಯಾವ ಕುಟುಂಬಕ್ಕಾದರೂ ಮೊದಲು ಹೊಳೆಯುವುದು ದಿನಗಳನ್ನು ಕಡಿಮೆ ಮಾಡುವ ದಾರಿ. ನಾವು ವಿಚಾರಿಸಿದ ಮತ್ತೊಂದು ಕಡೆಯವರು ಅದನ್ನೇ ಸಿದ್ಧ ಯೋಜನೆಯಾಗಿ ಮುಂದಿಟ್ಟರು: ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಹೊರಡುವುದು, ಬೆಳಗಾಗುವಷ್ಟರಲ್ಲಿ ಬೆಂಗಳೂರು ದಾಟುವುದು, ಮರುದಿನ ಮಧ್ಯಾಹ್ನ ಮಧುರೈ ಸೇರುವುದು, ಒಂದು ರಾತ್ರಿಯ ಲಾಡ್ಜ್ ಖರ್ಚನ್ನು ಉಳಿಸುವುದು. ಹುಬ್ಬಳ್ಳಿಯಿಂದ ಮಧುರೈಗೆ ಸುಮಾರು 850 ಕಿ.ಮೀ. ದೂರವಿದೆ. ಗಾಡಿಗೆ ಚಾಲಕರು ಒಬ್ಬರೇ, ಹಗಲೆಲ್ಲ ಎಚ್ಚರವಿದ್ದು ರಾತ್ರಿ ಸ್ಟಿಯರಿಂಗ್ ಹಿಡಿಯುವವರು.

ಗೋಕುಲ ರಸ್ತೆಯ ಈ ಕಚೇರಿಯಲ್ಲಿ ಮಾತು ಬೇರೆ ಕಡೆಯಿಂದ ಶುರುವಾಯಿತು. ಎಷ್ಟು ಜನ ಎಂದು ಕೇಳಿದ ಮೇಲೆ ಅವರು ವಯಸ್ಸು ಕೇಳಿದರು. ಮೊಣಕಾಲು ನೋವಿನವರು ಯಾರು, ಸಕ್ಕರೆ ಕಾಯಿಲೆಗೆ ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಾದವರು ಯಾರು, ಗಾಡಿ ಹತ್ತಿದರೆ ವಾಂತಿಯಾಗುವ ಮಕ್ಕಳಿದ್ದಾರೆಯೇ ಎಂಬುದನ್ನೆಲ್ಲ ಬರೆದುಕೊಂಡು, ಎರಡು ದಿನಗಳ ನಂತರ ಕನ್ನಡದಲ್ಲಿ ಅಚ್ಚು ಮಾಡಿದ ಒಂದು ಹಾಳೆ ಕೊಟ್ಟರು. ಒಂದೊಂದು ದಿನಕ್ಕೆ ಒಂದೊಂದು ಸಾಲು. ಸಾಲಿನಲ್ಲಿ ಹೊರಡುವ ಹೊತ್ತು, ಉಪಾಹಾರ, ಮಧ್ಯದ ನಿಲುಗಡೆ, ಊಟ, ಮುಕ್ಕಾಂ, ಒಟ್ಟು ಚಾಲನೆಯ ಗಂಟೆ. ಕೊನೆಯ ಕಾಲಂನ ತಲೆಯ ಮೇಲೆ ‘ಚಾಲಕರ ನಿದ್ದೆ’ ಎಂದು ಬರೆದಿತ್ತು, ಅದರ ಕೆಳಗೆ ಪ್ರತಿ ದಿನಕ್ಕೂ ಮಲಗುವ ಮತ್ತು ಏಳುವ ಹೊತ್ತನ್ನು ತುಂಬಲಾಗಿತ್ತು. ರಾತ್ರಿ ಹತ್ತರಿಂದ ಬೆಳಗಿನ ನಾಲ್ಕೂವರೆಯವರೆಗೆ ಯಾವ ಕಾರಣಕ್ಕೂ ಚಾಲಕರನ್ನು ಎಬ್ಬಿಸುವಂತಿಲ್ಲ, ಅನಾರೋಗ್ಯದ ತುರ್ತಿನ ಹೊರತು, ಎಂಬ ಸಾಲಿನ ಪಕ್ಕದಲ್ಲಿ ನಮ್ಮ ಸಹಿ ಬೇಕಿತ್ತು.

ಅವರ ಲೆಕ್ಕದ ಬಗೆಯನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಸ್ವಂತ ಗಾಡಿಯಲ್ಲಿ ಹೋಗುವವರಿಗೂ ಇದು ಕೆಲಸಕ್ಕೆ ಬರುತ್ತದೆ. ಟಿಟಿಯಂಥ ಪ್ರವಾಸಿ ವಾಹನಕ್ಕೆ ಗಂಟೆಗೆ 80 ಕಿ.ಮೀ. ಮೀರದಂತೆ ವೇಗ ನಿಯಂತ್ರಕ ಇರುತ್ತದೆ. ಮೊಬೈಲ್ ನಕ್ಷೆ ತೋರಿಸುವ ಹೊತ್ತು ಎಲ್ಲಿಯೂ ನಿಲ್ಲದೆ ಓಡುವ ಕಾರಿನದು. ಟೋಲ್, ಡೀಸೆಲ್, ಕಾಮಗಾರಿಯ ಡೈವರ್ಷನ್, ಊರೊಳಗಿನ ಸರ್ವಿಸ್ ರಸ್ತೆ, ಎರಡು ಗಂಟೆಗೊಮ್ಮೆ ಹಿರಿಯರು ಇಳಿದು ಕಾಲು ಆಡಿಸುವುದು, ಇವೆಲ್ಲವನ್ನೂ ಸೇರಿಸಿದರೆ ನಾಲ್ಕು ಪಥದ ಒಳ್ಳೆಯ ಹೆದ್ದಾರಿಯಲ್ಲೂ ಸರಾಸರಿ 50ಕ್ಕಿಂತ ಹೆಚ್ಚು ಹಿಡಿಯಬಾರದು ಎಂಬುದು ಅವರ ನಿಯಮ. ಆದ್ದರಿಂದ ಕಿಲೋಮೀಟರನ್ನು 50ರಿಂದ ಭಾಗಿಸುತ್ತಾರೆ, ಬಂದ ಗಂಟೆ ಏಳನ್ನು ದಾಟಿದರೆ ಆ ದಿನವನ್ನು ಒಡೆಯುತ್ತಾರೆ. ದಿನಕ್ಕೆ 350 ಕಿ.ಮೀ. ಎಂಬ ಮಿತಿ ಹೀಗೆ ಬಂದದ್ದು.

ಇದು ಅತಿಯಾದ ಎಚ್ಚರಿಕೆ ಎನ್ನುವವರು ನಮ್ಮ ಮನೆಯಲ್ಲೇ ಇದ್ದರು. ನನಗೆ ಹಾಗೆ ಅನಿಸಲಿಲ್ಲ. ಹದಿನೇಳು ಗಂಟೆ ಎಚ್ಚರವಾಗಿದ್ದ ಮನುಷ್ಯನ ಚುರುಕುತನವು ರಕ್ತದಲ್ಲಿ ಶೇ 0.05ರಷ್ಟು ಮದ್ಯವಿದ್ದವನ ಮಟ್ಟಕ್ಕೆ ಇಳಿಯುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮ ಮೋಟಾರು ವಾಹನ ಕಾಯಿದೆ ಚಾಲಕನಿಗೆ ಹಾಕಿರುವ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ., ಅಂದರೆ ಶೇ 0.03. ಕುಡಿದು ಬಂದ ಚಾಲಕನ ಗಾಡಿಗೆ ತಾಯಿ ತಂದೆಯರನ್ನು ಯಾರೂ ಹತ್ತಿಸುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರ ತನಕ ಗಾಡಿ ಓಡಿಸುತ್ತಿರುವವರ ಹಿಂದೆ ಮಾತ್ರ ನಿಶ್ಚಿಂತೆಯಿಂದ ನಿದ್ದೆ ಹೋಗುತ್ತೇವೆ. ಮನುಷ್ಯನ ಮೈಯಲ್ಲಿ ನಿದ್ದೆಯ ಒತ್ತಡ ಬಲವಾಗುವ ಹೊತ್ತುಗಳೂ ಗೊತ್ತಿರುವಂಥವೇ: ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಒಮ್ಮೆ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇನ್ನೊಮ್ಮೆ. ರಾತ್ರಿಯ ಅಪಾಯವನ್ನು ಎಲ್ಲರೂ ಒಪ್ಪುತ್ತಾರೆ, ಊಟವಾದ ಮೇಲಿನ ಎರಡು ಗಂಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಹಾಳೆಯಲ್ಲಿ ಹೋಗುವಾಗಿನ ಬಹುತೇಕ ದಿನಗಳ ಚಾಲನೆ ಮಧ್ಯಾಹ್ನ ಎರಡರೊಳಗೆ ಮುಗಿಯುವಂತೆ ಇತ್ತು.

ಕಾನೂನೂ ಈ ಮಾತನ್ನು ಹಿಂದೆಯೇ ಹೇಳಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿ ಹಾಕಿತ್ತು. ದೂರದ ಮಾರ್ಗಗಳಿಗೆ ಹತ್ತು ಗಂಟೆಯ ತನಕ ಸಡಿಲಿಕೆ ಕೊಟ್ಟಿತ್ತು. ಐದು ಗಂಟೆಯ ದುಡಿಮೆಗೆ ಅರ್ಧ ಗಂಟೆಯ ಬಿಡುವು ಮತ್ತು ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಒಂಬತ್ತು ಗಂಟೆಗಳ ಸತತ ವಿಶ್ರಾಂತಿ ಕಡ್ಡಾಯವೆಂದು ಹೇಳಿತ್ತು. ಆದರೆ ಐದಕ್ಕಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಗಳು ಅದರ ವ್ಯಾಪ್ತಿಗೆ ತಾನಾಗಿ ಬರುತ್ತಿರಲಿಲ್ಲ, ನಮ್ಮ ಊರುಗಳ ಎಷ್ಟೋ ಟ್ರಾವೆಲ್ಸ್‌ಗಳಲ್ಲಿ ಇರುವುದೇ ಎರಡು ಮೂರು ಗಾಡಿ. ಹೀಗಾಗಿ ಚಾಲಕರ ನಿದ್ದೆ ಮಾಲೀಕರ ಮತ್ತು ಗ್ರಾಹಕರ ಮನಸ್ಸಿನ ಮೇಲೆ ನಿಂತಿದೆ. ಅದನ್ನು ಹಾಳೆಯ ಮೇಲೆ ತಂದದ್ದೇ ಈ ಸಂಸ್ಥೆಯ ದೊಡ್ಡ ಕೆಲಸ ಎಂದು ನನಗೆ ತೋರುತ್ತದೆ.

ಮೊದಲ ದಿನದ ಗುರಿ ತುಮಕೂರು, ಸುಮಾರು 335 ಕಿ.ಮೀ. ಬೆಳಿಗ್ಗೆ ಐದೂವರೆಗೆ ಹುಬ್ಬಳ್ಳಿ ಬಿಟ್ಟು, ಹಾವೇರಿ ದಾಟಿ ರಾಣೆಬೆನ್ನೂರಿನಲ್ಲಿ ಉಪಾಹಾರ, ಚಿತ್ರದುರ್ಗದಲ್ಲಿ ಅರ್ಧ ಗಂಟೆ, ಶಿರಾದ ಹತ್ತಿರ ಊಟ. ಮೊದಲ ದಿನ ಬುತ್ತಿ ಕಟ್ಟಿಕೊಂಡು ಬರುವಂತೆ ಕಚೇರಿಯವರೇ ಸೂಚಿಸಿದ್ದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಇದ್ದುದರಿಂದ ಹೋಟೆಲಿನಲ್ಲಿ ಇಷ್ಟು ಜನಕ್ಕೆ ಊಟ ಬರುವ ತನಕ ಕಾಯುವ ಮುಕ್ಕಾಲು ಗಂಟೆ ಉಳಿಯಿತು, ಸಕ್ಕರೆ ಕಾಯಿಲೆಯ ನಮ್ಮ ತಂದೆಯವರ ಊಟದ ಹೊತ್ತೂ ತಪ್ಪಲಿಲ್ಲ. ಎರಡು ಗಂಟೆಗೆ ಮುಂಚೆಯೇ ತುಮಕೂರು ಸೇರಿದೆವು. ಇನ್ನು 70 ಕಿ.ಮೀ. ಹೋದರೆ ಬೆಂಗಳೂರೇ ಸಿಗುತ್ತದಲ್ಲ ಎಂದು ಕೆಲವರು ಒತ್ತಾಯಿಸಿದರು. ಚಾಲಕರು ಹಾಳೆ ತೋರಿಸಿ ಸಮಾಧಾನದಿಂದ ವಿವರಿಸಿದರು: ಮುಂದೆ ಹೋದರೆ ರಾಜಧಾನಿಯ ಸಂಜೆಯ ಟ್ರಾಫಿಕ್ಕಿನೊಳಗೆ ಸಿಕ್ಕಿಬೀಳುತ್ತೇವೆ, ಇಲ್ಲೇ ಮಲಗಿ ಬೆಳಿಗ್ಗೆ ಐದಕ್ಕೆ ಹೊರಟರೆ ಬೆಂಗಳೂರನ್ನು ಹೊರಗಿನಿಂದ ಬಳಸಿ ಹೋಗುವ ನೈಸ್ ರಸ್ತೆ ಖಾಲಿ ಸಿಗುತ್ತದೆ.

ಮರುದಿನ ನಡೆದದ್ದೂ ಹಾಗೆಯೇ. ಮಾದಾವರದಲ್ಲಿ ನೈಸ್ ರಸ್ತೆ ಹಿಡಿದು, ನಗರದೊಳಗೆ ಕಾಲಿಡದೆ ಎಲೆಕ್ಟ್ರಾನಿಕ್ ಸಿಟಿಯ ಬಳಿ ಹೊಸೂರು ರಸ್ತೆಗೆ ಬಂದೆವು. ಉಪಾಹಾರದ ಹೊತ್ತಿಗೆ ಹೊಸೂರು. ಕೃಷ್ಣಗಿರಿ ದಾಟಿದ ಮೇಲೆ ಚಾಲಕರು ಗಾಡಿಯನ್ನು ಒಂದು ಪೆಟ್ರೋಲ್ ಬಂಕಿನೊಳಗೆ ತಿರುಗಿಸಿದರು. ಆ ನಿಲುಗಡೆ ಹಾಳೆಯಲ್ಲಿ ಇದ್ದದ್ದೇ. ನಾವು ಚಹಾ ಕುಡಿಯುವಷ್ಟರಲ್ಲಿ ಅವರು ಪ್ರತಿ ಚಕ್ರದ ಹತ್ತಿರ ಕುಳಿತು, ಅಂಗೈಯ ಹಿಂಬದಿಯನ್ನು ರಿಮ್ಮಿನ ಸಮೀಪ ತಂದು ಬ್ರೇಕಿನ ಬಿಸಿ ನೋಡಿದರು, ಟೈರುಗಳಲ್ಲಿ ಕಲ್ಲು ಸಿಕ್ಕಿದೆಯೇ ಎಂದು ಬಗ್ಗಿ ಪರೀಕ್ಷಿಸಿದರು, ಮುಖ ತೊಳೆದುಕೊಂಡು ಹತ್ತು ನಿಮಿಷ ನೆರಳಿನಲ್ಲಿ ನಡೆದಾಡಿದರು. ಧರ್ಮಪುರಿ ಮತ್ತು ಸೇಲಂ ನಡುವಿನ ತೊಪ್ಪೂರು ಘಾಟಿನ ಉದ್ದನೆಯ ಇಳಿಜಾರು ಅಪಘಾತಗಳಿಗೆ ಹೆಸರಾದದ್ದು. ಬ್ರೇಕನ್ನೇ ನೆಚ್ಚಿ ಇಳಿಯುವ ಭಾರದ ಲಾರಿಗಳು ಅಲ್ಲಿ ಹತೋಟಿ ತಪ್ಪುತ್ತವೆ. ಅದನ್ನು ದಣಿವಿಲ್ಲದ ಕಣ್ಣಿನಿಂದ, ಕೆಳಗಿನ ಗೇರಿನಲ್ಲಿ, ಹಗಲು ಹೊತ್ತಿನಲ್ಲಿ ಇಳಿಯಬೇಕೆಂದೇ ಈ ನಿಲುಗಡೆಯನ್ನು ಘಾಟಿಗೆ ಮುಂಚೆ ಇಟ್ಟಿದ್ದರು. ರಾತ್ರಿ ಒಂಬತ್ತಕ್ಕೆ ಹುಬ್ಬಳ್ಳಿ ಬಿಡುವ ಯೋಜನೆಯಲ್ಲಿ ಇದೇ ಘಾಟು ಚಾಲಕರ ಎದುರಿಗೆ ಬರುವುದು ಇಡೀ ರಾತ್ರಿಯ ಚಾಲನೆಯ ನಂತರ.

ಎರಡನೆಯ ದಿನದ ಮುಕ್ಕಾಂ ಆಗಿದ್ದ ಸೇಲಂನಿಂದ ಮಧುರೈ 235, ಮಧುರೈಯಿಂದ ರಾಮೇಶ್ವರ 170, ರಾಮೇಶ್ವರದಿಂದ ತೂತ್ತುಕುಡಿಯ ಮೇಲೆ ಕನ್ಯಾಕುಮಾರಿ 310 ಕಿ.ಮೀ. ಈ ದಿನಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ, ಹೇಳಿದ ಹೊತ್ತಿಗೆ ಹೊರಟು ಹೇಳಿದ ಹೊತ್ತಿಗೆ ತಲುಪಿದೆವು. ಮಧುರೈಯ ಮೀನಾಕ್ಷಿ ಗುಡಿ ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುವುದರಿಂದ, ಮಧ್ಯಾಹ್ನಕ್ಕೆ ಲಾಡ್ಜ್ ಸೇರಿ ಎಲ್ಲರೂ ವಿಶ್ರಾಂತಿ ಪಡೆದು ಸಂಜೆ ದರ್ಶನಕ್ಕೆ ಹೋಗುವಂತೆ ಹೊತ್ತು ಜೋಡಿಸಿದ್ದು ಚೆನ್ನಾಗಿತ್ತು. ರಾಮೇಶ್ವರದಲ್ಲಿ ಇಪ್ಪತ್ತೆರಡು ತೀರ್ಥಗಳ ಸ್ನಾನ ಮಾಡಿದವರಿಗೆ ಅದೇ ದಿನ ಮತ್ತೆ ಗಾಡಿ ಹತ್ತುವ ಶಕ್ತಿ ಇರುವುದಿಲ್ಲ. ಆ ದಿನವನ್ನು ಪೂರ್ತಿ ಖಾಲಿ ಬಿಟ್ಟಿದ್ದರು, ಸಂಜೆ ಧನುಷ್ಕೋಡಿ ಒಂದರ ಹೊರತು.

ಚಾಲಕರು ಮಲಗುವ ಜಾಗದ ಬಗ್ಗೆ ಈ ಸಂಸ್ಥೆ ಹಾಕುವ ಷರತ್ತನ್ನು ಇಲ್ಲಿ ಹೇಳಲೇಬೇಕು. ಕುಟುಂಬ ಮೇಲೆ ಎ.ಸಿ. ರೂಮಿನಲ್ಲಿ ಮಲಗಿ, ಚಾಲಕರು ಕೆಳಗೆ ಗಾಡಿಯ ಸೀಟಿನ ಮೇಲೆ ಸೊಳ್ಳೆಯ ನಡುವೆ ಹೊರಳಾಡುವುದು ನಮ್ಮಲ್ಲಿ ಎಲ್ಲೆಡೆ ನಡೆದುಬಂದ ರೂಢಿ. ಇಲ್ಲಿ ಮಾತ್ರ ಲಾಡ್ಜ್ ಬುಕ್ ಮಾಡುವಾಗ ಚಾಲಕರಿಗೆ ಡಾರ್ಮಿಟರಿ ಅಥವಾ ಫ್ಯಾನ್ ಇರುವ ರೂಮು ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು, ಇಲ್ಲದಿದ್ದರೆ ಅವರೇ ಬೇರೆ ಲಾಡ್ಜ್ ಸೂಚಿಸುತ್ತಾರೆ. ಇದರ ಖರ್ಚು ನಮ್ಮದೇ. ಅದರ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ; ಮನೆಯವರೆಲ್ಲರ ಜೀವ ಯಾರ ಕೈಯಲ್ಲಿದೆಯೋ ಅವರು ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದಾರೆಂಬ ಭರವಸೆಗೆ ಅದು ಬಹಳ ಕಡಿಮೆ ಬೆಲೆ.

ಹಣದ ಲೆಕ್ಕಕ್ಕೆ ಬಂದರೆ, ಇವರ ಕಿಲೋಮೀಟರ್ ದರ ಉಳಿದವರಿಗಿಂತ ಎರಡು ರೂಪಾಯಿ ಹೆಚ್ಚು. ಆದರೆ ದಿನದ ಕನಿಷ್ಠ ಮಿತಿ 250 ಕಿ.ಮೀ. ಮಾತ್ರ, ಅದನ್ನೂ ಇಡೀ ಪ್ರವಾಸದ ಸರಾಸರಿಯ ಮೇಲೆ ಹಿಡಿಯುತ್ತಾರೆ. ಹೀಗಾಗಿ ರಾಮೇಶ್ವರದಲ್ಲಿ ಗಾಡಿ ಹೆಚ್ಚು ಓಡದೆ ನಿಂತ ದಿನಕ್ಕೆ ಪ್ರತ್ಯೇಕವಾಗಿ ಹಣ ತೆರಬೇಕಾಗಲಿಲ್ಲ, ವಿಶ್ರಾಂತಿಯ ದಿನ ದಂಡ ಕಟ್ಟಿದಂತೆ ಅನಿಸಲಿಲ್ಲ. ದಿನದಿನಕ್ಕೆ 300 ಕಿ.ಮೀ. ಹಿಡಿಯುವ ಪದ್ಧತಿಯೇ ಕುಟುಂಬಗಳನ್ನು ಹೆಚ್ಚು ಗಂಟೆ ಓಡುವಂತೆ ನೂಕುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಬಾಡಿಗೆಗೆ ಮುಂಚೆ ದರಕ್ಕಿಂತ ಮೊದಲು ಕೇಳಬೇಕಾದದ್ದು ಈ ಕನಿಷ್ಠ ಮಿತಿಯನ್ನೇ.

ಕೊರತೆಗಳೂ ಇವೆ. ವಾಪಸಿನ ದಾರಿಯಲ್ಲಿ ದಿಂಡಿಗಲ್ಲಿನಿಂದ ತುಮಕೂರಿಗೆ ಒಂದೇ ದಿನ ಸುಮಾರು 440 ಕಿ.ಮೀ. ಇಟ್ಟಿದ್ದರು, ಹಾಳೆಯಲ್ಲೇ ಒಂಬತ್ತು ಗಂಟೆ ಎಂದು ಬರೆದಿತ್ತು, ಅಂದರೆ ತಮ್ಮ ಏಳು ಗಂಟೆಯ ನಿಯಮವನ್ನು ತಾವೇ ಮೀರಿದ್ದರು. ಒಂದು ದಿನ ಉಳಿಸಲು ಹಾಗೆ ಮಾಡಿದ್ದೇವೆ ಎಂದರು. ಎಲ್ಲರ ದಣಿವೂ ಹೆಚ್ಚಿರುವುದು ವಾಪಸು ಬರುವಾಗಲೇ, ನಿಯಮ ಬಿಗಿಯಾಗಿರಬೇಕಾದದ್ದೂ ಆಗಲೇ. ಹೊಸೂರು ರಸ್ತೆಯ ಸಂಜೆಯ ದಟ್ಟಣೆಯಲ್ಲಿ ಸಿಕ್ಕು ಕತ್ತಲಾದ ಮೇಲೆ ತುಮಕೂರು ಸೇರಿದೆವು, ತಾಯಿಯವರ ಕಾಲುಗಳು ಬಾತುಕೊಂಡಿದ್ದವು. ಕೃಷ್ಣಗಿರಿಯಲ್ಲಿ ಮುಕ್ಕಾಂ ಮಾಡಿ ಒಂದು ದಿನ ಹೆಚ್ಚು ಹಿಡಿಯುವ ಆಯ್ಕೆಯನ್ನು ಗ್ರಾಹಕರ ಮುಂದೆ ಇಡಬೇಕಿತ್ತು. ಎರಡನೆಯದು, ಹಾಳೆಯಲ್ಲಿ ನಿಲುಗಡೆಯ ಊರು ಇದೆಯೇ ಹೊರತು ಮಹಿಳೆಯರಿಗೆ ಸ್ವಚ್ಛ ಶೌಚಾಲಯ ಎಲ್ಲಿದೆ ಎಂಬ ವಿವರವಿಲ್ಲ. ಕರ್ನಾಟಕದೊಳಗೆ ಅದು ಚಾಲಕರಿಗೆ ಬಾಯಿಪಾಠವಾಗಿತ್ತು, ಕರೂರಿನ ಆಚೆಗೆ ಎರಡು ಮೂರು ಬಂಕುಗಳಲ್ಲಿ ಇಳಿದು ಹತ್ತಬೇಕಾಯಿತು. ಮೂರನೆಯದು, ರಾತ್ರಿ ಎಂಟರ ನಂತರ ಕಚೇರಿಯ ಫೋನನ್ನು ಯಾರೂ ಎತ್ತುವುದಿಲ್ಲ.

ಮೂರು ನಾಲ್ಕು ದಿನಗಳಲ್ಲಿ ಎಲ್ಲವನ್ನೂ ನೋಡಿ ಬರಬೇಕೆನ್ನುವ ಗೆಳೆಯರ ಗುಂಪಿಗೆ ಈ ಸಂಸ್ಥೆ ಹಿಡಿಸದು, ರಾತ್ರಿ ಚಾಲನೆಗೆ ಅವರು ಒಪ್ಪುವುದೂ ಇಲ್ಲ. ಹಿರಿಯರನ್ನೂ ಚಿಕ್ಕ ಮಕ್ಕಳನ್ನೂ ಕರೆದುಕೊಂಡು ದೂರ ಹೋಗುವವರಿಗೆ ನಾನು ಇವರನ್ನೇ ಹೇಳುತ್ತೇನೆ. ದಸರಾ, ದೀಪಾವಳಿಯ ರಜೆಗೆ ಬೇಕಾದರೆ ಒಂದೂವರೆ ತಿಂಗಳು ಮೊದಲೇ ಹೋಗಿ ಕೇಳಬೇಕು, ಇರುವುದು ಮೂರೇ ಗಾಡಿ. ಹೋಗುವಾಗ ಮನೆಯವರ ವಯಸ್ಸು, ಔಷಧದ ಹೊತ್ತು ಮತ್ತು ನೋಡಲೇಬೇಕಾದ ಗುಡಿಗಳ ಪಟ್ಟಿಯನ್ನು ಬರೆದುಕೊಂಡು ಹೋದರೆ ಹಾಳೆ ಬೇಗ ಸಿದ್ಧವಾಗುತ್ತದೆ. ಸಹಿ ಹಾಕುವ ಮೊದಲು ವಾಪಸಿನ ದಿನಗಳ ಗಂಟೆಗಳನ್ನು ಒಮ್ಮೆ ಕೂಡಿ ನೋಡಿ, ಏಳಕ್ಕಿಂತ ಹೆಚ್ಚಿದ್ದರೆ ಒಡೆದು ಕೊಡಲು ಅಲ್ಲೇ ಕೇಳಬೇಕು.