ತೀರ್ಪು ತಡೆದವನ ನೆಮ್ಮದಿ: ಸೆಕ್ಸ್ಟಸ್ ಎಂಪಿರಿಕಸ್‌ನ ‘ಪಿರ್ರೋನಿಸಂನ ರೂಪರೇಖೆಗಳು’

ಗ್ರೀಸಿನ ಎಲಿಸ್ ನಗರದ ತತ್ತ್ವಜ್ಞಾನಿ ಪಿರ್ರೋ ಅಲೆಕ್ಸಾಂಡರನ ದಂಡಿನೊಡನೆ ಭಾರತದವರೆಗೂ ಬಂದು ಇಲ್ಲಿನ ದಿಗಂಬರ ಸಾಧುಗಳನ್ನು ಕಂಡಿದ್ದನೆಂದು ಪ್ರಾಚೀನರು ಹೇಳುತ್ತಾರೆ. ಆದರೆ ತನ್ನ ತತ್ತ್ವವನ್ನು ಅವನು ಬರೆದಿಡಲಿಲ್ಲ. ಹೀಗಾಗಿ ಅವನ ಹೆಸರಿನ ಸಂದೇಹವಾದವನ್ನು ಅರಿಯಬಯಸುವವರು, ಶತಮಾನಗಳ ನಂತರ ಬಂದ ಸೆಕ್ಸ್ಟಸ್ ಎಂಪಿರಿಕಸ್ ಎಂಬ ವೈದ್ಯ ಗ್ರೀಕ್ ಭಾಷೆಯಲ್ಲಿ ಬರೆದ ಈ ಮೂರು ಭಾಗಗಳ ಕೃತಿಯನ್ನೇ ಬಹುಮಟ್ಟಿಗೆ ನೆಚ್ಚಿಕೊಳ್ಳಬೇಕಾಗುತ್ತದೆ.

ಒಂದು ವಿಷಯದ ಪರವಾಗಿಯೂ ವಿರುದ್ಧವಾಗಿಯೂ ಸಮತೂಕದ ವಾದಗಳು ಎದುರುಬದುರು ನಿಂತಾಗ ಮನಸ್ಸು ಯಾವ ಕಡೆಗೂ ವಾಲದೆ ತೀರ್ಪನ್ನು ತಡೆಹಿಡಿಯುತ್ತದೆ. ಆ ತಡೆಯ ಹಿಂದೆಯೇ, ದೇಹದ ಹಿಂದೆ ನೆರಳು ಬರುವಂತೆ, ನೆಮ್ಮದಿ ಬರುತ್ತದೆ ಎಂಬುದು ಸೆಕ್ಸ್ಟಸ್‌ನ ಮಾತು. ಕುದುರೆಯ ಬಾಯಿಯ ನೊರೆಯನ್ನು ಬಿಡಿಸಲು ಹೆಣಗಿ ಸೋತ ಚಿತ್ರಕಾರ ಅಪೆಲ್ಲೀಸ್, ರೋಸಿಹೋಗಿ ಬಣ್ಣ ಒರೆಸುವ ಸ್ಪಂಜನ್ನು ಚಿತ್ರದ ಮೇಲೆಸೆದಾಗ ಅದರ ಗುರುತೇ ನೊರೆಯಾಗಿ ಮೂಡಿತಂತೆ. ಸಂದೇಹವಾದಿಗೂ ಶಾಂತಿ ಸಿಕ್ಕಿದ್ದು ಹಾಗೆಯೇ, ಸತ್ಯವನ್ನು ನಿರ್ಧರಿಸಿಯೇ ತೀರುತ್ತೇನೆಂಬ ಹಟವನ್ನು ಕೈಬಿಟ್ಟಾಗ.

ಮೊದಲ ಭಾಗವೇ ಈ ಪುಸ್ತಕದ ಜೀವಾಳ. ದೂರದಿಂದ ದುಂಡಗೆ ಕಾಣುವ ಗೋಪುರ ಹತ್ತಿರದಿಂದ ಚೌಕವಾಗಿರುತ್ತದೆ. ಪಾರಿವಾಳದ ಕೊರಳು ತಿರುಗಿದಂತೆಲ್ಲ ಬಣ್ಣ ಬದಲಿಸುತ್ತದೆ. ಒಂದು ನಾಡಿನಲ್ಲಿ ಸಲ್ಲುವ ಆಚಾರ ಇನ್ನೊಂದರಲ್ಲಿ ಸಲ್ಲದು. ಇಂಥ ಉದಾಹರಣೆಗಳನ್ನು ಹತ್ತು ಬಗೆಯ ವಾದಗಳಾಗಿ ಸೆಕ್ಸ್ಟಸ್ ಜೋಡಿಸುತ್ತಾನೆ. ಜೇನು ಸಿಹಿಯಾಗಿ ತೋರುತ್ತದೆ ಎಂಬುದನ್ನು ಅವನು ಅಲ್ಲಗಳೆಯುವುದಿಲ್ಲ. ಅದು ನಿಜವಾಗಿ ಸಿಹಿಯೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಡಲೊಲ್ಲ. ಸಂದೇಹವಾದಿ ಕೈಕಟ್ಟಿ ಕೂರುವವನೂ ಅಲ್ಲ: ಹಸಿವು ಬಾಯಾರಿಕೆಗಳು, ನಾಡಿನ ಕಟ್ಟಳೆ ಸಂಪ್ರದಾಯಗಳು, ಕಲಿತ ಕಸುಬು ಇವನ್ನು ಅನುಸರಿಸಿ ಎಲ್ಲರಂತೆ ಬಾಳುತ್ತಾನೆ.

ನನಗೆ ಹೆಚ್ಚು ಹಿಡಿಸಿದ್ದು ನೆಮ್ಮದಿಯ ಭರವಸೆ ಕೊಡುವಲ್ಲಿ ಅವನು ತೋರುವ ಸಂಯಮ. ಚಳಿ, ಬಾಯಾರಿಕೆಗಳ ಬಾಧೆ ಸಂದೇಹವಾದಿಗೂ ತಪ್ಪುವುದಿಲ್ಲವೆಂದು ಸೆಕ್ಸ್ಟಸ್ ಸ್ಪಷ್ಟವಾಗಿ ಒಪ್ಪುತ್ತಾನೆ. ಆ ಬಾಧೆ ಸ್ವಭಾವತಃ ಕೆಟ್ಟದ್ದೆಂಬ ನಂಬಿಕೆ ಮೇಲಿಂದ ತಂದೊಡ್ಡುವ ಎರಡನೆಯ ಸಂಕಟವಷ್ಟೇ ಇಲ್ಲವಾಗುತ್ತದೆ. ಮನಶ್ಶಾಂತಿಯನ್ನು ಬೋಧಿಸುವ ಗ್ರಂಥಗಳಲ್ಲಿ ಇಷ್ಟು ಅಳೆದ ಮಾತು ಅಪರೂಪ.

ಎರಡನೆಯ ಭಾಗ ಬಹುಪಾಲು ಸ್ಟೋಯಿಕರೆಂಬ ಗ್ರೀಕ್ ತತ್ತ್ವಪಂಥದವರ ತರ್ಕದ ಖಂಡನೆ. ಆ ಪಂಥದ ಪರಿಚಯವಿಲ್ಲದವರಿಗೆ ನೀರಸ. ಮೂರನೆಯ ಭಾಗದ ಆರಂಭದಲ್ಲಿ ದೇವರು, ಕಾರಣ, ಚಲನೆ, ಕಾಲ ಎಲ್ಲವೂ ಒಂದೇ ಅಚ್ಚಿನ ವಾದಕ್ಕೆ ಸಿಕ್ಕಿ ದಣಿಸುತ್ತವೆ, ಒಳಿತು ಕೆಡುಕುಗಳ ಚರ್ಚೆ ಬಂದ ಮೇಲೆ ಬರಹ ಚೇತರಿಸಿಕೊಳ್ಳುತ್ತದೆ.

ನನ್ನ ಮುಖ್ಯ ತಕರಾರು ಕೊನೆಯ ಅಧ್ಯಾಯದ ಬಗ್ಗೆ. ವೈದ್ಯನು ರೋಗದ ತೀವ್ರತೆಗೆ ತಕ್ಕ ಮದ್ದು ಕೊಡುವಂತೆ, ಸಂದೇಹವಾದಿಯೂ ಕೇಳುಗನ ಅಹಂಮತಿ ಎಷ್ಟಿದೆಯೆಂದು ನೋಡಿ ಬಲವಾದ ವಾದವನ್ನೋ ದುರ್ಬಲ ವಾದವನ್ನೋ ಬಳಸುತ್ತಾನೆಂದು ಅಲ್ಲಿ ಹೇಳಲಾಗಿದೆ. ಹಾಗಾದರೆ ಹಿಂದಿನ ಪುಟಗಳಲ್ಲಿ ನಾವು ಓದಿದ ಸಮತೂಕ ನಿಜವಾದ ವಿಚಾರಣೆಯಿಂದ ಬಂದದ್ದೋ, ಚಿಕಿತ್ಸೆಗಾಗಿ ಹೊಂದಿಸಿದ್ದೋ? ತಾನು ಇನ್ನೂ ಸತ್ಯವನ್ನು ಹುಡುಕುತ್ತಲೇ ಇದ್ದೇನೆಂದು ಮೊದಲ ಪುಟದಲ್ಲೇ ಸಾರಿದವನು ಈ ಪ್ರಶ್ನೆಗೆ ಉತ್ತರಿಸದೆ ಪುಸ್ತಕ ಮುಗಿಸುತ್ತಾನೆ.