ಬೆರಳುದ್ದದ ಬೈರಿಗೆ: ಪಿನ್ ವೈಸ್ ಜೊತೆ ಆರು ವರ್ಷ

ಎನ್ ಸ್ಕೇಲ್ ಅನ್ನುವ ಪುಟ್ಟ ಅಳತೆಯ ಮಾದರಿ ರೈಲು ಇಂಜಿನ್‌ಗಳಿಗೆ ಹಿಡಿಕಂಬಿ ಕೂರಿಸುವ ಹುಚ್ಚು ಹತ್ತಿ ಆರು ವರ್ಷವಾಯಿತು. ಅಷ್ಟೂ ದಿನ ನನ್ನ ಮೇಜು ಬಿಟ್ಟು ಕದಲದ ಸಾಧನ ಒಂದೇ, ಪಿನ್ ವೈಸ್. ಬೆರಳುದ್ದದ ಕೈ ಬೈರಿಗೆ ಅಂದುಕೊಳ್ಳಿ. ಒಂದು ತುದಿಯಲ್ಲಿ ಅಂಗೈಗೆ ಒತ್ತಿ ಹಿಡಿಯುವ ಬಿಲ್ಲೆ, ಅದು ತನ್ನಷ್ಟಕ್ಕೆ ತಿರುಗುತ್ತದೆ. ಇನ್ನೊಂದು ತುದಿಯಲ್ಲಿ ಡ್ರಿಲ್ ಬಿಟ್ ಕಚ್ಚಿ ಹಿಡಿಯುವ ಕಾಲೆಟ್. ಮೋಟಾರೂ ಇಲ್ಲ, ಬ್ಯಾಟರಿಯೂ ಇಲ್ಲ. ಬೆರಳು ತಿರುಗಿಸಿದಷ್ಟೇ ಕೆಲಸ.

ಇಷ್ಟು ಚಿಕ್ಕ ವಸ್ತುವಿಗೆ ಇಷ್ಟುದ್ದದ ವಿಮರ್ಶೆ ಬೇಕಾ? ಲೆಕ್ಕ ನೋಡಿ, ಆಮೇಲೆ ಹೇಳಿ. ಎನ್ ಸ್ಕೇಲ್ ಅಂದರೆ 1:160, ಹಳಿಗಳ ನಡುವೆ ಬರೀ 9 ಮಿ.ಮೀ. 18 ಮೀಟರ್ ಉದ್ದದ ಇಂಜಿನ್ ಇಲ್ಲಿ 11 ಸೆಂ.ಮೀ. ಚಿಲ್ಲರೆ. ಚಾಲಕ ಹತ್ತುವಾಗ ಹಿಡಿದುಕೊಳ್ಳುವ ಕಂಬಿ 20 ಮಿ.ಮೀ. ದಪ್ಪ ಇದ್ದರೆ, ನಮ್ಮ ಇಂಜಿನ್ ಮೇಲೆ ಅದು 0.125 ಮಿ.ಮೀ. ಆಗಬೇಕು. ತಲೆಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಅದಕ್ಕೇ ಎಷ್ಟೋ ಮಾಡೆಲ್‌ಗಳಲ್ಲಿ ಕಂಬಿಯ ಜಾಗದಲ್ಲಿ ಬಾಡಿಯ ಜೊತೆಗೇ ಅಚ್ಚಾದ ಒಂದು ಉಬ್ಬುಗೆರೆ ಇರುತ್ತದೆ. ನಾನು ಅದನ್ನು ಬ್ಲೇಡಿನಿಂದ ಹೆರೆದು ತೆಗೆದು, 0.25 ಮಿ.ಮೀ. ತೂತು ಕೊರೆದು, 0.2 ಮಿ.ಮೀ. ಫಾಸ್ಫರ್ ಬ್ರಾಂಝ್ ತಂತಿ ಕೂರಿಸುತ್ತೇನೆ. 0.15ರ ತಂತಿಯನ್ನೂ ನೋಡಿದ್ದಾಯಿತು. ಇಂಜಿನ್ ಕೈಗೆತ್ತಿಕೊಂಡ ಮೊದಲ ಸಲವೇ ಬಾಗಿ ಕೂತಿತು.

ಮೊದಮೊದಲು ಕರೆಂಟಿನ ಮಿನಿ ಡ್ರಿಲ್ ಹಿಡಿದಿದ್ದೆ. ಅದರ ವೇಗಕ್ಕೆ ಪ್ಲಾಸ್ಟಿಕ್ ಕೊರೆಯಲಿಲ್ಲ, ಕರಗಿತು. ತೂತಿನ ಸುತ್ತ ದಡ್ಡು ಕಟ್ಟಿದ ಹಾಗೆ ಅಂಚು ಎದ್ದಿತು. ಪಿನ್ ವೈಸ್‌ಗೆ ಬಂದಿದ್ದು ಹಾಗೆ.

ಬಳಸುವುದನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಮೊದಲು ಸೂಜಿಯ ಮೊನೆಯಿಂದ ಒಂದು ಚುಕ್ಕೆ ಚುಚ್ಚಿ, ಇಲ್ಲದಿದ್ದರೆ ಬಿಟ್ ಜಾರಿ ಬಣ್ಣದ ಮೇಲೆ ಗೀರು ಬೀಳುತ್ತದೆ. ಎರಡು ಮೂರು ಸುತ್ತು ತಿರುಗಿಸಿ, ಹೊರಗೆ ತೆಗೆದು ಪುಡಿ ಒರೆಸಿ, ಮತ್ತೆ ಇಳಿಸಿ. ಒತ್ತಬೇಡಿ. ಬಿಟ್ ಮುರಿಯುವುದು ಕೊರೆಯುವಾಗ ಕಡಿಮೆ, ಅವಸರದಲ್ಲಿ ಓರೆಯಾಗಿ ಎಳೆಯುವಾಗ ಜಾಸ್ತಿ.

ಬಿಟ್‌ಗಳ ವಿಷಯದಲ್ಲಿ ನಾನು ಮೋಸ ಹೋದೆ. 61ರಿಂದ 80ನೇ ನಂಬರ್‌ವರೆಗಿನ ಇಪ್ಪತ್ತು ಬಿಟ್‌ಗಳ ಡಬ್ಬಿ ತಂದಿದ್ದೆ. ಅದರಲ್ಲಿ ಅತಿ ಸಣ್ಣದು, ಅಂದರೆ 80ನೆಯದು, 0.34 ಮಿ.ಮೀ. ಆ ತೂತಿನಲ್ಲಿ 0.2ರ ತಂತಿ ಲೊಡಲೊಡ ಅನ್ನುತ್ತದೆ. 0.25ರ ಬಿಟ್ ಬೇರೆಯಾಗಿಯೇ ತರಿಸಬೇಕಾಯಿತು. ಅದರಲ್ಲೂ ಕಾರ್ಬೈಡ್ ಬಿಟ್ ಬಹಳ ಚೂಪು, ಆದರೆ ಗಾಜಿನ ಸ್ವಭಾವ. ಕೈ ತುಸು ನಡುಗಿದರೂ ಟಿಕ್ ಅಂತ ಮುರಿಯುತ್ತದೆ. ಕೈಯಲ್ಲಿ ತಿರುಗಿಸುವುದಕ್ಕೆ ಹೈ ಸ್ಪೀಡ್ ಸ್ಟೀಲ್ ಬಿಟ್ಟೇ ವಾಸಿ, ಅದು ಸ್ವಲ್ಪ ಬಳುಕುತ್ತದೆ.

ಇನ್ನು ದೂರು. ಮೂರನೇ ವರ್ಷ ತೂತುಗಳೆಲ್ಲ ಮೊಟ್ಟೆಯಾಕಾರ ಆಗತೊಡಗಿದವು. ತಿಂಗಳುಗಟ್ಟಲೆ ನನ್ನ ಕೈಯನ್ನೇ ಬೈದುಕೊಂಡೆ. ಕೊನೆಗೆ ವೈಸನ್ನು ನೆಟ್ಟಗೆ ಹಿಡಿದು, ನಿಧಾನ ತಿರುಗಿಸಿ, ಬಿಟ್ಟಿನ ಮೊನೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಮೊನೆ ನಿಂತಲ್ಲಿ ನಿಲ್ಲದೆ ಸಣ್ಣ ವೃತ್ತ ಬರೆಯುತ್ತಿತ್ತು. ಕಾಲೆಟ್ಟಿನ ಹಲ್ಲು ಸವೆದು, ತೆಳ್ಳನೆಯ ಬಿಟ್ ನಡುವಿಗೆ ಕೂರುತ್ತಿರಲಿಲ್ಲ. ಬಿಟ್ಟಿನ ಕಾಂಡಕ್ಕೆ ಕಾಗದ ಸುತ್ತಿ ನೋಡಿದೆ, ಪ್ರಯೋಜನ ಆಗಲಿಲ್ಲ. ಈಗ ಮೊನೆ 0.25, ಕಾಂಡ 1 ಮಿ.ಮೀ. ಇರುವ ಬಿಟ್ ಬಳಸುತ್ತೇನೆ. ದಪ್ಪ ಕಾಂಡವನ್ನು ಸವೆದ ಕಾಲೆಟ್ಟೂ ಸರಿಯಾಗಿ ಹಿಡಿಯುತ್ತದೆ. ಹಿಂದಿನ ಬಿಲ್ಲೆ ಒಮ್ಮೆ ಕಿರುಗುಟ್ಟಿತು, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟೆ, ಸುಮ್ಮನಾಯಿತು. ಅಂದ ಹಾಗೆ, ಎರಡನೇ ಕಾಲೆಟ್ ಹಿಡಿಯ ಹೊಟ್ಟೆಯೊಳಗೇ ಇದೆ ಅಂತ ಗೊತ್ತಾಗಿದ್ದು ಎಂಟು ತಿಂಗಳಾದ ಮೇಲೆ. ಅದೂ ಕೆಳಗೆ ಬಿದ್ದು ಮುಚ್ಚಳ ಬಿಚ್ಚಿಕೊಂಡಿದ್ದರಿಂದ.

ನಾವು ಕೆಲವು ಗೆಳೆಯರು ತಿಂಗಳಿಗೊಮ್ಮೆ ನಮ್ಮ ನಮ್ಮ ಟಿ-ಟ್ರ್ಯಾಕ್ (ಹಳಿ ಕೂರಿಸಿದ, ಒಂದಕ್ಕೊಂದು ಸೇರುವ ತುಂಡುಗಳು) ಮಾಡ್ಯೂಲ್‌ಗಳನ್ನು ಮೇಜಿನ ಮೇಲೆ ಜೋಡಿಸಿ ರೈಲು ಓಡಿಸುತ್ತೇವೆ. ನನ್ನ ಮೊದಲ ಇಂಜಿನ್ ಅಲ್ಲಿಗೆ ಹೋದಾಗ ಅದಕ್ಕೆ 26 ಕಂಬಿ ಕೂರಿಸಿದ್ದೆ. 52 ತೂತು, ಮೂರು ವಾರದ ಸಂಜೆಗಳು, ಏಳು ಬಿಟ್. ಎಚ್‌ಒ ಸ್ಕೇಲಿನಲ್ಲಿ (ಎನ್‌ಗಿಂತ ದೊಡ್ಡ ಅಳತೆ) ಕೆಲಸ ಮಾಡುವ ಗೆಳೆಯನೊಬ್ಬ ಭೂತಗನ್ನಡಿ ಹಿಡಿದು ನೋಡಿ, "ಏನಪ್ಪಾ, ನಿನ್ನ ಇಂಜಿನ್‌ಗೆ ಮೀಸೆ ಬಂದಿದೆಯಲ್ಲೋ" ಅಂದ. ಎಲ್ಲರೂ ನಕ್ಕರು. ನಿಜವೇ, ಒಂದೊಂದು ಕಂಬಿ ಒಂದೊಂದು ಎತ್ತರಕ್ಕೆ ನಿಂತಿತ್ತು. ಆಮೇಲೆ ಅವನೇ ಕೂತು ಹೇಳಿಕೊಟ್ಟ. ಹಿತ್ತಾಳೆ ಪಟ್ಟಿಯ ತುಂಡನ್ನು ಕಂಬಿಯ ಅಗಲಕ್ಕೆ ಕತ್ತರಿಸಿ, ಅದರ ಮೇಲೆ ತಂತಿ ಬಗ್ಗಿಸಿದರೆ ಎಲ್ಲವೂ ಒಂದೇ ಅಳತೆ. ಅಂಟಿಸುವಾಗ ಕಂಬಿಯ ಕೆಳಗೆ ತೆಳು ಪ್ಲಾಸ್ಟಿಕ್ ಚೂರು ಇಟ್ಟರೆ ಎಲ್ಲವೂ ಒಂದೇ ಎತ್ತರ. ಕಾಲೆಟ್ ಓಲಾಡುವ ಕಥೆಯನ್ನು ನಾನು ಅವನಿಗೆ ಹೇಳಿದೆ. ಅವನದೂ ಓಲಾಡುತ್ತಿತ್ತು.

ಮತ್ತೊಬ್ಬರು ನನ್ನ ಇಂಜಿನ್‌ನ ಫೋಟೊ ತೀರ ಹತ್ತಿರದಿಂದ ತೆಗೆದರು. ಕಿಟಕಿಗಳ ಮೇಲೆ ಬಿಳಿ ಮಂಜು! ಸೂಪರ್ ಗ್ಲೂ ಆವಿಯ ಕೆಲಸ. ಕಿಟಕಿಯ ಪ್ಲಾಸ್ಟಿಕ್ ಮೊದಲೇ ಬಿಚ್ಚಿಡಬೇಕು, ಅಂಟನ್ನು ಬಾಡಿಯ ಒಳಗಿನಿಂದ ಹಾಕಬೇಕು. ಬರಿಗಣ್ಣಿಗೆ ಕಾಣದ್ದನ್ನೆಲ್ಲ ಕ್ಯಾಮೆರಾ ಚಾಡಿ ಹೇಳುತ್ತದೆ.

ನಮ್ಮಲ್ಲಿ ಕೈ ನಡುಗುವ ಹಿರಿಯರೊಬ್ಬರಿದ್ದಾರೆ. ಅವರು ಬಾಡಿಯನ್ನು ಸ್ಪಂಜಿನಲ್ಲಿ ಕೊರೆದ ತೊಟ್ಟಿಲಲ್ಲಿ ಮಲಗಿಸಿ, ಎರಡೂ ಮಣಿಕಟ್ಟನ್ನು ಮೇಜಿಗೆ ಊರಿ ಕೊರೆಯುತ್ತಾರೆ. ಹೇಳಲು ನಾಚಿಕೆ, ಅವರ ತೂತುಗಳು ನನ್ನವಕ್ಕಿಂತ ನೆಟ್ಟಗಿವೆ.

ಓಡುವ ರೈಲಿನಲ್ಲಿ ಇದೆಲ್ಲ ಯಾರಿಗೆ ಕಾಣುತ್ತದೆ ಅಂತ ನಮ್ಮಲ್ಲೇ ಜಗಳ ಇದೆ. ಕಂಬಿ ಕಾಣುವುದಿಲ್ಲ, ಒಪ್ಪುತ್ತೇನೆ. ಆದರೆ ಪಕ್ಕದಿಂದ ಬೆಳಕು ಬಿದ್ದಾಗ ಅದರ ನೆರಳು ಕಾಣುತ್ತದೆ. ಬಾಡಿಗೆ ಅಂಟಿಕೊಂಡ ಉಬ್ಬುಗೆರೆಗೆ ಆ ನೆರಳು ಬರುವುದಿಲ್ಲ. ಹಾಗಂತ ಈಗ 26 ಕೂರಿಸುವುದಿಲ್ಲ. ಕ್ಯಾಬ್ ಬಾಗಿಲು, ಮೂತಿ, ಅಲ್ಲಿಗೆ ಎಂಟು ಹತ್ತು ಸಾಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಆ ಕಾಲೆಟ್ಟಿನದು. ಎಚ್‌ಒದಲ್ಲಿ ಕೆಲಸ ಮಾಡುವವರಿಗೆ ತಂತಿ ದಪ್ಪ, ಈ ಓಲಾಟ ಅಷ್ಟು ಕಾಡುವುದಿಲ್ಲ. ಎನ್‌ಗೆ ಕೊಳ್ಳುವವರು ಅಂಗಡಿಯಲ್ಲೇ ಬಿಟ್ ಹಾಕಿ, ತಿರುಗಿಸಿ, ಮೊನೆ ನೋಡಿ ತನ್ನಿ. ನನ್ನದರ ಹಿಡಿಯ ಹೊಳಪು ಸವೆದು ಒಳಗಿನ ಹಿತ್ತಾಳೆ ಕಾಣುತ್ತಿದೆ. ಹೋದ ವರ್ಷ ಹೊಸದೊಂದು ತಂದಿಟ್ಟಿದ್ದೇನೆ, ಪೊಟ್ಟಣ ಇನ್ನೂ ಬಿಚ್ಚಿಲ್ಲ.